ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿ: ಹಳೇ ಹೆಸರು-ನಂಬರ್ ತೆಗಿಯುದು, ಮೈ ಕ್ಲೀನ್ ಮಾಡುದು – ಪದೇ ಪದೇ ಕೇಳುವ ಪ್ರಶ್ನೆಗಳು

ಮಲ್ಪೆ, ಗಂಗೊಳ್ಳಿ, ಮಂಗ್ಳೂರು, ಕಾರವಾರ ಈ ಕಡೆ ಹಳೇ ಫೈಬರ್ ದೋಣಿ ತಗೊಳ್ಳುವವರು ಹೆಚ್ಚು ಕಮ್ಮಿ ಇವೇ ಪ್ರಶ್ನೆ ಕೇಳ್ತಾರೆ. ಇಂಜಿನ್ ನೋಡ್ಲಿಕ್ಕೆ ಎಲ್ರೂ ಮೆಕ್ಯಾನಿಕ್‌ನ ಕರ್ಕೊಂಡು ಹೋಗ್ತಾರೆ, ಮೈ ನೋಡುವವರು ಕಮ್ಮಿ. ಆಮೇಲೆ ಮನೆಗೆ ತಂದು ಹಳೇ ಹೆಸರು ತೆಗಿಲಿಕ್ಕೆ ಅಂತ ಗ್ರೈಂಡರ್ ಹಿಡಿದು ಮೈಯನ್ನೇ ಹಾಳು ಮಾಡ್ಕೊಳ್ತಾರೆ. ಇಲ್ಲಿ ಬರ್ದದ್ದು ಮುಖ್ಯವಾಗಿ ಫೈಬರ್ ದೋಣಿಗೆ. ಮರ, ಕಬ್ಬಿಣ, ಅಲ್ಯೂಮಿನಿಯಂ ಬಗ್ಗೆ ಕೆಳಗೆ ಸ್ವಲ್ಪ ಉಂಟು.

ದೋಣಿ ತಂದ ಕೂಡ್ಲೇ ಹಳೇ ನಂಬರ್ ತೆಗಿಬಹುದಾ?

ಬೇಡ. ಮೊದ್ಲು ಕಾಗದ, ಆಮೇಲೆ ಕೈ. ಐಎನ್‌ಡಿ-ಕೆಎ ಅಂತ ಶುರು ಆಗುವ ರಿಜಿಸ್ಟ್ರೇಷನ್ ನಂಬರ್ ಮುಟ್ಲಿಕ್ಕೆ ಹೋಗ್ಬೇಡಿ, ದೋಣಿ ನಿಮ್ಮ ಹೆಸರಿಗೆ ಆಗುವ ತನಕ. 2008ರಲ್ಲಿ ಮುಂಬೈಗೆ ದಾಳಿ ಮಾಡ್ಲಿಕ್ಕೆ ಬಂದವರು ಕುಬೇರ್ ಅನ್ನುವ ಮೀನುಗಾರಿಕೆ ಬೋಟನ್ನೇ ಸಮುದ್ರದಲ್ಲಿ ಹಿಡ್ಕೊಂಡು ಬಂದದ್ದು, ಅದರ ನಂತ್ರ ಇಡೀ ದೇಶದ ಮೀನಿನ ಬೋಟುಗಳಿಗೆ ಒಂದೇ ನಮೂನೆಯ ನಂಬರ್, ರಿಯಲ್‌ಕ್ರಾಫ್ಟ್ ಅನ್ನುವ ಆನ್‌ಲೈನ್ ಸಿಸ್ಟಮ್, ರಾಜ್ಯಕ್ಕೆ ಇಂಥದ್ದೇ ಬಣ್ಣ ಅಂತೆಲ್ಲ ಬಂತು. ಈಗ ನಂಬರ್ ಇಲ್ಲದ ದೋಣಿ ಅಥವಾ ಅರ್ಧ ಅಳಿಸಿದ ನಂಬರಿನ ದೋಣಿ ಕಂಡ್ರೆ ಕರಾವಳಿ ಕಾವಲು ಪೊಲೀಸ್ನವ್ರು, ಕೋಸ್ಟ್ ಗಾರ್ಡ್‌ನವ್ರು ನಿಲ್ಲಿಸಿ ಕೇಳ್ತಾರೆ, ಕೇಳಲೇಬೇಕು.

ಹಾಗಾಗಿ ಮೀನುಗಾರಿಕೆ ಇಲಾಖೆ ಆಫೀಸಿಗೆ ಹೋಗಿ ವರ್ಗಾವಣೆ ಮಾಡಿಸಿ, ನಂಬರ್ ಅದೇ ಉಳಿತದಾ ಬೇರೆ ಬರ್ತದಾ, ಅಕ್ಷರ ಎಷ್ಟು ದೊಡ್ಡದಿರ್ಬೇಕು, ಎಲ್ಲೆಲ್ಲಿ ಬರೀಬೇಕು, ಯಾವ ಬಣ್ಣ, ಇದಿಷ್ಟನ್ನ ಅಲ್ಲೇ ಕೇಳಿ ಬರ್ಕೊಂಡು ಬನ್ನಿ. ದಕ್ಕೆಯಲ್ಲಿ ಇನ್ನೊಬ್ಬರ ದೋಣಿ ನೋಡಿ ಬರಿಬೇಡಿ, ಅದೇ ತಪ್ಪಿರ್ಬಹುದು. ನದೀಲಿ ಜನ ಕೂರಿಸಿ ಓಡಿಸುವ ಟೂರಿಸ್ಟ್ ಬೋಟ್ ಆದ್ರೆ ಅದು ಮೀನುಗಾರಿಕೆ ಇಲಾಖೆ ವಿಷಯ ಅಲ್ಲ, ಬಂದರು ಇಲಾಖೆ ಕಡೆದು, 2021ರ ಒಳನಾಡು ಹಡಗುಗಳ ಕಾಯ್ದೆ ಅದಕ್ಕೆ ಬರ್ತದೆ.

ಇನ್ನೊಂದು, ಏನೇ ತೆಗಿಯುವ ಮೊದ್ಲು ದೋಣಿಯ ಎರಡೂ ಪಕ್ಕ, ಹಿಂದೆ, ಮುಂದೆ, ಕ್ಯಾಬಿನ್ ಇದ್ರೆ ಅದರ ಮಾಡು, ಎಲ್ಲದರ ಫೋಟೋ ತೆಗ್ದಿಡಿ, ಪಕ್ಕದಲ್ಲಿ ಅಳತೆ ಟೇಪ್ ಹಿಡ್ದು. ಆಮೇಲೆ ಹೊಸ ಅಕ್ಷರ ಬರೆಸುವಾಗ ಇದೇ ಬೇಕಾಗುದು.

ಅಕ್ಷರ ಸ್ಟಿಕರಾ ಪೇಂಟಾ ಅಂತ ಗೊತ್ತಾಗುದು ಹೇಗೆ?

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದೇ. ಅಕ್ಷರ ಎಂತದ್ದು, ಅದರ ಕೆಳಗಿನ ಮೈ ಎಂತದ್ದು, ಈ ಎರಡು ಗೊತ್ತಾದ್ರೆ ಬಾಕಿದ್ದೆಲ್ಲ ಸುಲಭ.

ಉಗುರಿಂದ ಅಕ್ಷರದ ಅಂಚು ಕೆರೆದು ನೋಡಿ. ಸ್ಟಿಕರ್ ಆದ್ರೆ ಅಂಚು ಎದ್ದು ಬರ್ತದೆ, ತೆಳು ಪ್ಲಾಸ್ಟಿಕ್ ಹಾಳೆ ತರ, ತುಂಬ ಹಳೇದಾದ್ರೆ ಸಣ್ಣ ಸಣ್ಣ ಚೂರಾಗಿ ಉದುರ್ತದೆ. ನಮ್ಮಲ್ಲಿ ಎಲ್ಲದಕ್ಕೂ ರೇಡಿಯಂ ಅಂತಾರಲ್ಲ, ಬಸ್ಸಿಗೆ ರಿಕ್ಷಾಕ್ಕೆ ಹಾಕುವ ಅದೇ ಸ್ಟಿಕರ್, ಹೆಚ್ಚಿನ ಫೈಬರ್ ದೋಣಿಲಿ ಅದೇ ಇರುದು. ಅಂಚು ಸಿಗದೆ ಬ್ರಷ್ಷಿನ ಗೆರೆ ಕಂಡ್ರೆ ಪೇಂಟ್.

ಪೇಂಟ್ ಆದ್ರೆ ಎರಡನೇ ಪರೀಕ್ಷೆ ಉಂಟು. ಬಿಳಿ ಬಟ್ಟೆ ತುಂಡಿಗೆ ಸ್ವಲ್ಪ ಥಿನ್ನರ್ ಹಾಕಿ ಅಕ್ಷರದ ಒಂದು ಮೂಲೆಗೆ ಒತ್ತಿ ಹಿಡ್ದು ಉಜ್ಜಿ ನೋಡಿ. ಬಣ್ಣ ಬಟ್ಟೆಗೆ ಬಂದ್ರೆ ಮಾಮೂಲಿ ಎನಾಮೆಲ್. ಎಂತದೂ ಬರದಿದ್ರೆ ಹಾರ್ಡನರ್ ಬೆರೆಸಿ ಹೊಡೆದ ಪಿಯು (ಪಾಲಿಯುರೆಥೇನ್) ಪೇಂಟ್ ಇರ್ಬಹುದು, ಅದು ಥಿನ್ನರಿಗೆ ಬಗ್ಗುದಿಲ್ಲ. ಇದನ್ನೇ ದೋಣಿಯ ಮೈಗೂ ಮಾಡಿ, ಕಾಣದ ಜಾಗದಲ್ಲಿ, ಉದಾಹರಣೆಗೆ ಇಂಜಿನ್ ಕೂರುವ ಹಲಗೆಯ ಕೆಳಗೆ. ಮೈಯ ಬಣ್ಣ ಬಟ್ಟೆಗೆ ಬಂದ್ರೆ ದೋಣಿಗೆ ಹಿಂದಿನವ್ರು ಪೇಂಟ್ ಹೊಡೆಸಿದ್ದಾರೆ ಅಂತ ಅರ್ಥ, ಆಗ ಥಿನ್ನರಲ್ಲಿ ಅಕ್ಷರ ತೆಗಿಲಿಕ್ಕೆ ಹೋದ್ರೆ ಅಕ್ಷರದ ಜೊತೆ ಮೈಯ ಪೇಂಟೂ ಹೋಗಿ ದೊಡ್ಡ ಮಚ್ಚೆ ಆಗ್ತದೆ. ಬರದಿದ್ರೆ ಮೇಲೆ ಇರುದು ಮೂಲದ ಜೆಲ್‌ಕೋಟ್ ಅಥವಾ ಪಿಯು.

ಜೆಲ್‌ಕೋಟ್ ಅಂದ್ರೆ ಎಂತ?

ಫೈಬರ್ ದೋಣಿ ಮಾಡುವಾಗ ಅಚ್ಚಿಗೆ ಎಲ್ಲಕ್ಕಿಂತ ಮೊದ್ಲು ಹಚ್ಚುವ ಬಣ್ಣದ ರೆಸಿನ್ ಪದರ. ಅದರ ಹಿಂದೆ ಗ್ಲಾಸ್ ಮ್ಯಾಟ್ ಮತ್ತೆ ರೆಸಿನ್ ಹಾಕ್ತಾ ಹೋಗುದು, ಅಚ್ಚಿನಿಂದ ತೆಗ್ದಾಗ ಜೆಲ್‌ಕೋಟ್ ಹೊರಗೆ ಬರ್ತದೆ. ಇದರ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಷ್ಟೇ. ನೀರು ಒಳಗೆ ಹೋಗದ ಹಾಗೆ ತಡಿಯುದು ಈ ಅರ್ಧ ಮಿಲಿಮೀಟರೇ. ಇದನ್ನ ತಿಕ್ಕಿ ಖಾಲಿ ಮಾಡಿದ್ರೆ ಒಳಗಿನ ಗ್ಲಾಸ್ ನೂಲಿಗೆ ನೀರು ಹಿಡಿತದೆ, ಆಮೇಲೆ ಗುಳ್ಳೆ ಏಳ್ತದೆ. ಮುಂದೆ ನಾನು ಹತ್ತು ಸಲ ಮೆಲ್ಲ ಮೆಲ್ಲ ಅಂತ ಹೇಳುದು ಇದಕ್ಕೇ.

ಸ್ಟಿಕರ್ ತೆಗಿಲಿಕ್ಕೆ ಸುಲಭದ ದಾರಿ?

ಬಿಸಿ ಮತ್ತೆ ತಾಳ್ಮೆ. ಹೇರ್ ಡ್ರೈಯರ್ ಸಾಕು. ಮನೇಲಿ ಇಲ್ಲದಿದ್ರೆ ಬೇಸಿಗೆಯ ಮಧ್ಯಾಹ್ನ ದೋಣಿಯನ್ನ ಬಿಸಿಲಿಗೆ ತಿರುಗಿಸಿ ನಿಲ್ಲಿಸಿ, ಕಪ್ಪು ಅಥವಾ ನೀಲಿ ಅಕ್ಷರ ಒಂದು ಗಂಟೇಲಿ ಮೆತ್ತಗಾಗ್ತದೆ. ಒಂದು ಮೂಲೆ ಎಬ್ಬಿಸಿ, ಹಾಗೇ ಮೇಲಕ್ಕೆ ಎಳಿಬೇಡಿ, ಎಳಿಯುದು ಹಿಂದಕ್ಕೆ, ಸ್ಟಿಕರ್ ತನ್ನ ಮೇಲೇ ಮಡಿಸಿ ಬರುವ ಹಾಗೆ, ಮೈಗೆ ಹತ್ರ ಹತ್ರ, ನಿಧಾನಕ್ಕೆ. ಹೀಗೆ ಎಳ್ದ್ರೆ ಅಂಟು ಸ್ಟಿಕರ್ ಜೊತೆಗೇ ಬರ್ತದೆ, ಅವಸರ ಮಾಡಿದ್ರೆ ಸ್ಟಿಕರ್ ಮಾತ್ರ ಬಂದು ಅಂಟು ಅಲ್ಲೇ ಉಳಿತದೆ.

ಹೀಟ್ ಗನ್ ಇದ್ರೆ ದೂರದಿಂದ, ಆಡಿಸ್ತಾ ಇರಿ. ಕೈ ಇಟ್ರೆ ತಡ್ಕೊಳ್ಳುವಷ್ಟು ಬಿಸಿ ಸಾಕು, ಕೈ ಹಿಂದೆ ತೆಗಿಬೇಕು ಅನ್ಸಿದ್ರೆ ಜಾಸ್ತಿ ಆಯ್ತು. ಒಂದೇ ಕಡೆ ಹಿಡಿದ್ರೆ ಜೆಲ್‌ಕೋಟ್ ಹಳದಿ ಆಗ್ತದೆ, ಮೆತ್ತಗಾಗಿ ಉಬ್ಬುದೂ ಉಂಟು, ಆಮೇಲೆ ಅದು ಸರಿ ಆಗುದಿಲ್ಲ.

ಕಬ್ಬಿಣದ ಬ್ಲೇಡ್ ಬೇಡ. ಪ್ಲಾಸ್ಟಿಕ್ ಸ್ಕ್ರೇಪರ್ ಅಥವಾ ಹಳೇ ಎಟಿಎಂ ಕಾರ್ಡ್.

ಸ್ಟಿಕರ್ ಚೂರು ಚೂರಾಗಿ ಬರ್ತಾ ಉಂಟು, ಬಿಸಿ ಮಾಡಿದ್ರೂ ಪ್ರಯೋಜನ ಇಲ್ಲ

ಅದು ಬಿಸಿಲಿಗೆ ಸತ್ತು ಹೋದ ಸ್ಟಿಕರ್. ಅದಕ್ಕೆ ಡ್ರಿಲ್ಲಿಗೆ ಹಾಕುವ ರಬ್ಬರ್ ಚಕ್ರ ಸಿಗ್ತದೆ, ಇರೇಸರ್ ವೀಲ್ ಅಂತ, ಕಾರ್ ಪೇಂಟಿಂಗ್ ಸಾಮಾನು ಮಾರುವಲ್ಲಿ ಮತ್ತೆ ಆನ್‌ಲೈನಲ್ಲಿ ಕೇಳಿ. ಪೆನ್ಸಿಲ್ ಅಳಿಸುವ ರಬ್ಬರಿನದ್ದೇ ದೊಡ್ಡಣ್ಣ, ತಿರುಗ್ತಾ ಸ್ಟಿಕರನ್ನ ಹುಡಿ ಮಾಡಿ ಬಿಸಾಡ್ತದೆ. ಸ್ಪೀಡ್ ಕಮ್ಮಿ ಇಡಿ, ಒತ್ಬೇಡಿ, ಒಂದು ಜಾಗದಲ್ಲಿ ನಿಲ್ಲಬೇಡಿ. ಮೂಗಿಗೆ ಸುಟ್ಟ ರಬ್ಬರ್ ವಾಸನೆ ಬಂದ್ರೆ ನಿಲ್ಲಿಸಿ, ತಣಿಲಿಕ್ಕೆ ಕೊಡಿ. ಮೈಗೆ ಪೇಂಟ್ ಹೊಡೆದ ದೋಣಿ ಆದ್ರೆ ಮೊದ್ಲು ಮೂಲೆಲಿ ಪರೀಕ್ಷೆ ಮಾಡಿ, ಎನಾಮೆಲ್ ಇದ್ರೆ ಈ ಚಕ್ರ ಅದನ್ನೂ ಎಬ್ಬಿಸ್ತದೆ.

ಅಂಟು ಉಳ್ದಿದೆ. ಪೆಟ್ರೋಲ್ ಹಾಕಿದ್ರೆ ಆಗ್ತದಾ?

ಪೆಟ್ರೋಲ್ ಯಾಕೆ ಮಾರಾಯ್ರೆ, ದೋಣಿ ಜೊತೆ ನೀವೂ ಹೋಗ್ಲಿಕ್ಕೆ? ತೆಂಗಿನೆಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ, ಆಮೇಲೆ ಬಟ್ಟೆಯಿಂದ ಉರುಟುರುಟು ಉಜ್ಜಿ, ಮೆತ್ತನೆ ಅಂಟು ಅದಕ್ಕೇ ಬರ್ತದೆ. ಬರದಿದ್ರೆ ನೀಲಗಿರಿ ಎಣ್ಣೆ, ಅದಕ್ಕೂ ಬರದಿದ್ರೆ ಟರ್ಪೆಂಟೈನ್ ಅಥವಾ ಸೀಮೆಎಣ್ಣೆ, ಕೊನೇದು ಅಸಿಟೋನ್. ಜೆಲ್‌ಕೋಟ್ ಮೇಲೆ ಅಸಿಟೋನ್ ಒರೆಸಿ ತೆಗ್ದ್ರೆ ತೊಂದ್ರೆ ಇಲ್ಲ, ಬಟ್ಟೆ ಅದ್ದಿ ಹಚ್ಚಿಟ್ಟು ಚಾ ಕುಡಿಲಿಕ್ಕೆ ಹೋದ್ರೆ ಮಾತ್ರ ಜೆಲ್‌ಕೋಟ್ ಮೆತ್ತಗಾಗ್ತದೆ. ಅಸಿಟೋನ್ ಹಬೆ ಬೆಂಕಿ ಹಿಡಿಯುದು ಪೆಟ್ರೋಲಿನ ಹಾಗೇ, ಹತ್ರ ಬೀಡಿ ಬೇಡ, ಸ್ಪಾರ್ಕ್ ಬರುವ ಡ್ರಿಲ್ ಬೇಡ.

ಎಣ್ಣೆ ಯಾವುದೇ ಹಾಕಿ, ಕೊನೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬಿಸಿ ನೀರಲ್ಲಿ ತೊಳೀರಿ. ಎಣ್ಣೆ ಪಸೆ ಉಳಿದ್ರೆ ಹೊಸ ಸ್ಟಿಕರೂ ಕೂರುದಿಲ್ಲ, ಪೇಂಟೂ ಕೂರುದಿಲ್ಲ.

ಪೇಂಟಲ್ಲಿ ಬರ್ದ ಹೆಸರು ಹೇಗೆ ತೆಗಿಯುದು?

ಜೆಲ್‌ಕೋಟ್ ಮೇಲೆ ಪ್ರೈಮರ್ ಇಲ್ಲದೆ ನೇರ ಬರ್ದ ಎನಾಮೆಲ್ ಆದ್ರೆ ನಿಮ್ಮ ಅದೃಷ್ಟ. ಅದು ಗಟ್ಟಿ ಹಿಡ್ಕೊಂಡಿರುದಿಲ್ಲ, ಪ್ಲಾಸ್ಟಿಕ್ ಸ್ಕ್ರೇಪರ್ ಓರೆ ಹಿಡ್ದು ತಳ್ಳಿದ್ರೆ ಹಪ್ಪಳದ ತರ ಏಳ್ತದೆ. ಉಳ್ದದ್ದಕ್ಕೆ ಥಿನ್ನರ್ ಬಟ್ಟೆ. ಒಂದು ವಿಷಯ ಮಾತ್ರ ನೆನಪಿಡಿ, ಬಟ್ಟೆಯನ್ನ ಅಕ್ಷರದ ಹೊರಗಿನಿಂದ ಒಳಕ್ಕೆ ಎಳೀರಿ, ಒಳಗಿಂದ ಹೊರಕ್ಕೆ ಎಳ್ದ್ರೆ ಕೆಂಪು ಬಣ್ಣ ಇಡೀ ಬಿಳಿ ಮೈಗೆ ಹರಡ್ತದೆ, ಜೆಲ್‌ಕೋಟ್ ಹಳೇದಾಗಿ ಹುಡಿ ಹುಡಿ ಆಗಿದ್ರೆ ಆ ಕೆಂಪು ಅದರೊಳಗೆ ಕೂತು ಬಿಡ್ತದೆ. ಬಟ್ಟೆಯ ಹೊಸ ಹೊಸ ಜಾಗ ತಿರುಗಿಸ್ತಾ ಇರಿ.

ಪಿಯು ಆದ್ರೆ ಥಿನ್ನರ್ ಖರ್ಚು ಮಾಡ್ಬೇಡಿ, ನೇರ ವಾಟರ್ ಪೇಪರ್, ಅಂದ್ರೆ ನೀರು ಹಾಕಿ ಉಜ್ಜುವ ಸ್ಯಾಂಡ್ ಪೇಪರ್, ನಂಬರ್ ಜಾಸ್ತಿ ಆದಷ್ಟು ನಯ. 400 ನಂಬರಲ್ಲಿ ಶುರು ಮಾಡಿ, ಅಕ್ಷರದ ಬಣ್ಣ ತೆಳುವಾಗಿ ಕೆಳಗಿನ ಮೈ ಅಲ್ಲಲ್ಲಿ ಕಾಣ್ಲಿಕ್ಕೆ ಶುರು ಆದಾಗ 400 ಬಿಟ್ಟು 800ಕ್ಕೆ ಹೋಗಿ. ಮರದ ತುಂಡಿಗೆ ಸುತ್ತಿ ಉಜ್ಜಿ, ಬರೀ ಬೆರಳಿಂದ ಉಜ್ಜಿದ್ರೆ ಬೆರಳಿನಷ್ಟು ಗುಳಿ ಬೀಳ್ತದೆ, ಪಾಲಿಶ್ ಆದ ಮೇಲೆ ಬಿಸಿಲಿಗೆ ಎದ್ದು ಕಾಣ್ತದೆ.

ಅಂಗಡಿಯಲ್ಲಿ ಸಿಗುವ ಪೇಂಟ್ ರಿಮೂವರ್ ಫೈಬರಿಗೆ ಹಾಕ್ಲೇಬೇಡಿ. ಅದಕ್ಕೆ ಪೇಂಟ್ ಯಾವುದು, ರೆಸಿನ್ ಯಾವುದು ಅಂತ ಗೊತ್ತಾಗುದಿಲ್ಲ. ಫೈಬರಿಗೆ ಅಂತಲೇ ಬರ್ದ ರಿಮೂವರ್ ಇದ್ರೆ ಅದು ಬೇರೆ ವಿಷಯ.

ಎಲ್ಲ ತೆಗ್ದೆ, ಆದ್ರೂ ಹಳೇ ಹೆಸರು ನೆರಳಿನ ಹಾಗೆ ಕಾಣ್ತದೆ. ಇದೆಂತ?

ಇದು ಪೇಂಟ್ ಉಳ್ದದ್ದಲ್ಲ, ಅಂಟೂ ಅಲ್ಲ, ಹಾಗಾಗಿ ಥಿನ್ನರ್ ಎಷ್ಟು ಉಜ್ಜಿದ್ರೂ ಹೋಗುದಿಲ್ಲ. ಅಕ್ಷರದ ಕೆಳಗೆ ಇದ್ದ ಜೆಲ್‌ಕೋಟಿಗೆ ಇಷ್ಟು ವರ್ಷ ಬಿಸಿಲು ತಾಗ್ಲಿಲ್ಲ, ಸುತ್ತ ಇದ್ದದ್ದು ಮಾತ್ರ ಬಿಸಿಲು, ಉಪ್ಪು ನೀರು ತಿಂದು ಬೆಳ್ಚಾಯ್ತು. ಅಂದ್ರೆ ನೆರಳು ಕಾಣುವ ಜಾಗವೇ ಸರಿ ಇರುದು, ಹಾಳಾದದ್ದು ಸುತ್ತಲಿನದ್ದು! ಕೈ ಆಡಿಸಿ ನೋಡಿ, ಅಕ್ಷರದ ಜಾಗ ಕೂದಲಷ್ಟು ಎತ್ತರವೂ ಇರ್ತದೆ ಕೆಲವೊಮ್ಮೆ, ಸುತ್ತ ಸವೆದದ್ದಕ್ಕೆ. ಹಾಗಾಗಿ ನೆರಳಿನ ಮೇಲೆ ಮಾತ್ರ ಉಜ್ಜಿ ಲಾಭ ಇಲ್ಲ, ಇಡೀ ಆ ಪಕ್ಕವನ್ನ ಸಮ ಮಾಡ್ಬೇಕು.

ಮೊದ್ಲು ರಬ್ಬಿಂಗ್ ಕಾಂಪೌಂಡ್ (ಉಜ್ಜಿ ಹೊಳಪು ತರುವ ಪೇಸ್ಟ್), ಕೈಯಲ್ಲಿ ಅಥವಾ ಬಫಿಂಗ್ ಮಷಿನಲ್ಲಿ, ಒಂದು ಚದರ ಅಡಿ ಜಾಗದಲ್ಲಿ ಮಾಡಿ ನೋಡಿ. ಬಿಳಿ, ಕ್ರೀಮ್ ಬಣ್ಣದ ದೋಣಿ ಆದ್ರೆ ಹೆಚ್ಚಾಗಿ ಇಷ್ಟಕ್ಕೇ ಮುಗಿತದೆ. ನೀಲಿ, ಕೆಂಪು, ಹಸಿರು ಆದ್ರೆ ಮುಗಿಯುದಿಲ್ಲ, ಗಾಢ ಬಣ್ಣ ಬಿಸಿಲಿಗೆ ಜಾಸ್ತಿ ಮಂಕಾಗ್ತದೆ.

ಆಗ ವಾಟರ್ ಪೇಪರ್ ಕೆಲಸ. ಬಕೆಟಲ್ಲಿ ಸಿಹಿ ನೀರು, ಅದಕ್ಕೆ ಸೋಪಿನ ಒಂದೆರಡು ಹನಿ, 800 ನಂಬರ್ ಪೇಪರ್ ಸ್ವಲ್ಪ ಹೊತ್ತು ನೆನೆಸಿಡಿ. ಉಜ್ಜುವ ಜಾಗದಲ್ಲಿ ಪೆನ್ಸಿಲಿಂದ ಅಡ್ಡ ಉದ್ದ ಗೆರೆ ಎಳೀರಿ, ಗೆರೆ ಎಲ್ಲ ಕಡೆ ಒಂದೇ ಸಮ ಅಳಿಸಿ ಹೋದ್ರೆ ನೀವು ಸಮಕ್ಕೆ ಉಜ್ಜಿದ್ದೀರಿ, ಒಂದು ಕಡೆ ಉಳಿದ್ರೆ ಅಲ್ಲಿ ತಗ್ಗು ಉಂಟು. ಗೆರೆ ಹೋಯ್ತಾ, 1000ಕ್ಕೆ ಬದ್ಲಿಸಿ, ಮತ್ತೆ ಗೆರೆ ಎಳೀರಿ, ಆಮೇಲೆ 1500. ಪ್ರತಿ ಸಲ ಉಜ್ಜುವ ದಿಕ್ಕು ಬದ್ಲಿಸಿ, ಹಿಂದಿನ ಪೇಪರಿನ ಗೀರು ಹೋಯ್ತಾ ಇಲ್ವಾ ಅಂತ ಆಗ ಗೊತ್ತಾಗ್ತದೆ. ಆಮೇಲೆ ಕಾಂಪೌಂಡ್, ಪಾಲಿಶ್, ವ್ಯಾಕ್ಸ್.

ಇಳಿಯುವ ನೀರನ್ನ ನೋಡ್ತಾ ಇರಿ. ಮೈಯ ಬಣ್ಣದ್ದೇ ಹಾಲಿನಂಥ ನೀರು ಬರ್ಬೇಕು. ಅದರ ಬಣ್ಣ ಬದ್ಲಾಯ್ತಾ, ಅಥವಾ ಮೈಯಲ್ಲಿ ನೂಲಿನ ನೇಯ್ಗೆ ತರ ಮಸುಕಾಗಿ ಎಂತದೋ ಕಾಣ್ತದಾ, ಅಲ್ಲಿಗೇ ನಿಲ್ಲಿಸಿ, ಜೆಲ್‌ಕೋಟ್ ಮುಗೀತು. ಅಂಚು, ಮೂಲೆ, ಮುಂದಿನ ಮೂತಿಯ ಏಣು, ಇಲ್ಲೆಲ್ಲ ಜೆಲ್‌ಕೋಟ್ ಮೊದ್ಲೇ ತೆಳು, ಅಲ್ಲಿ ಮಷಿನ್ ಹಿಡಿಬೇಡಿ.

ನನ್ನ ಅಭಿಪ್ರಾಯ ಕೇಳಿದ್ರೆ, ಹತ್ತು ಅಡಿ ದೂರದಿಂದ ಕಾಣದಷ್ಟು ಆದ್ರೆ ಸಾಕು. ನೂರಕ್ಕೆ ನೂರು ಹೋಗ್ಬೇಕು ಅಂತ ಹಟ ಮಾಡಿ ಜೆಲ್‌ಕೋಟ್ ಖಾಲಿ ಮಾಡುದು ನಷ್ಟ. ಹೊಸ ಹೆಸರನ್ನ ಅದೇ ಜಾಗದಲ್ಲಿ ಸ್ವಲ್ಪ ದೊಡ್ಡದಾಗಿ ಬರೆಸಿ, ಅಥವಾ ಅಲ್ಲಿಗೆ ಒಂದು ಅಗಲದ ಪಟ್ಟಿ ಹೊಡೆಸಿ ಅದರ ಮೇಲೆ ಬರೆಸಿ. ಇಲಾಖೆಯ ನಂಬರಿನ ಜಾಗಕ್ಕೆ ಮಾತ್ರ ಪಟ್ಟಿ ಅಡ್ಡ ಬರ್ಬಾರ್ದು.

ಹಳೇ ಹೆಸರು ದೇವರದ್ದು / ದೈವದ್ದು. ಕೆರೆದು ತೆಗಿಬಹುದಾ?

ಇದು ಪೇಂಟಿನ ಪ್ರಶ್ನೆ ಅಲ್ಲ ಆದ್ರೂ ಎಲ್ರೂ ಕೇಳ್ತಾರೆ, ಕೇಳುವಾಗ ಸ್ವರ ಸ್ವಲ್ಪ ತಗ್ಗಿಸಿ ಕೇಳ್ತಾರೆ. ನಮ್ಮ ಕರಾವಳಿಲಿ ದೋಣಿ ಹೆಸರು ಅಂದ್ರೆ ಮಹಾಲಕ್ಷ್ಮಿ, ದುರ್ಗಾಪರಮೇಶ್ವರಿ, ಬೊಬ್ಬರ್ಯ, ಇಲ್ಲ ಇಗರ್ಜಿಯ ಸಂತರ ಹೆಸರು, ಇಲ್ಲ ದರ್ಗಾದ್ದು. ಹೆಚ್ಚಿನವ್ರು ಮಾಡುದು ಇಷ್ಟು, ಮನೇಲಿ ಹಿರಿಯರ ಹತ್ರ ಕೇಳಿ, ಅವ್ರು ಹೇಳಿದ ಹಾಗೆ ಒಂದು ಕಾಯಿ ಒಡ್ದು ಅಥವಾ ಪ್ರಾರ್ಥನೆ ಮಾಡಿ, ಆಮೇಲೆ ಶುರು ಮಾಡುದು. ಕೆಲವ್ರು ಹಳೇ ಹೆಸರನ್ನೇ ಇಟ್ಕೊಳ್ತಾರೆ, ಆ ಹೆಸರಲ್ಲಿ ದೋಣಿ ಒಳ್ಳೇ ದುಡಿದಿದ್ರೆ ಬದ್ಲಿಸ್ಲಿಕ್ಕೆ ಯಾರಿಗೂ ಮನಸ್ಸು ಬರುದಿಲ್ಲ.

ಕೆಲಸದ ಮಟ್ಟಿಗೆ ಹೇಳುದಾದ್ರೆ, ದೇವರ ಚಿತ್ರದ ಸ್ಟಿಕರನ್ನ ಕೆರೆದು ಚೂರು ಮಾಡುದಕ್ಕಿಂತ ಬಿಸಿ ಮಾಡಿ ಇಡಿಯಾಗಿ ತೆಗೀರಿ, ಇಡಿಯಾಗಿ ಬಂದ್ರೆ ಹಿಂದಿನವ್ರಿಗೆ ಬೇಕಾ ಅಂತ ಕೇಳಿ. ಕಾಲಡಿಗೆ ಬೀಳದ ಹಾಗೆ ಕೆಳಗೊಂದು ಬಟ್ಟೆ ಹಾಸಿ. ಎಲ್ಲದಕ್ಕಿಂತ ಮೊದ್ಲು ಹಿಂದಿನ ಮಾಲಕರಿಗೆ ಒಂದು ಫೋನ್ ಮಾಡಿ, ಅಣ್ಣ ಹೆಸರು ಬದ್ಲಿಸ್ತೇವೆ ಅಂತ ಹೇಳಿ. ಅದೇ ದಕ್ಕೆಯಲ್ಲಿ ನಾಳೆ ಮುಖ ನೋಡ್ಬೇಕಲ್ಲ.

ತೊಳೆಯುದು ಮೊದ್ಲಾ, ಅಕ್ಷರ ತೆಗಿಯುದು ಮೊದ್ಲಾ?

ತೊಳೆಯುದು. ಮೈಮೇಲೆ ಮರಳು, ಉಪ್ಪು ಇದ್ದಾಗ ಉಜ್ಜಿದ್ರೆ ಆ ಮರಳೇ ಗೀರು ಹಾಕ್ತದೆ. ಸಿಹಿ ನೀರು ಧಾರಾಳ ಬಿಡಿ. ಸೋಪು ನೀರು ಹಚ್ಚುವಾಗ ಮಾತ್ರ ಕೆಳಗಿಂದ ಮೇಲಕ್ಕೆ ಹಚ್ಚುತ್ತಾ ಹೋಗಿ, ಮೇಲಿಂದ ಹಚ್ಚಿದ್ರೆ ಒಣ ಕೊಳಕಿನ ಮೇಲೆ ಸೋಪಿನ ಗೆರೆ ಇಳಿದು ಅದು ಹಾಗೇ ಕಲೆ ಕೂರ್ತದೆ. ಮೀನಿನ ಎಣ್ಣೆ ಪಸೆ, ಡೀಸೆಲ್ ಹೊಗೆ ಕರಿ ಇದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್, ಬಿಸಿ ನೀರು, ಮೆತ್ತನೆ ಬ್ರಷ್. ಸ್ಟೀಲ್ ಉಜ್ಜುವ ಜುಂಗು ಬೇಡ, ಅದರ ತುಂಡು ಮೈಯಲ್ಲಿ ಸಿಕ್ಕಿ ಒಂದು ವಾರದಲ್ಲಿ ತುಕ್ಕಿನ ಚುಕ್ಕಿ ಏಳ್ತದೆ.

ಪ್ರೆಶರ್ ವಾಷರ್ ಇದ್ರೆ ಒಂದಡಿಗಿಂತ ಹತ್ರ ಹಿಡಿಬೇಡಿ, ಬಿರುಕು ಇದ್ದಲ್ಲಿ ನೇರ ಹೊಡಿಬೇಡಿ.

ನೀರಿನ ಗೆರೆಯಲ್ಲಿ ಹಳದಿ-ಕಂದು ಕಲೆ, ಬೋಲ್ಟಿನ ಕೆಳಗೆ ತುಕ್ಕಿನ ಗೆರೆ. ಹಾರ್ಪಿಕ್ ಹಾಕಿದ್ರೆ ಹೋಗ್ತದಂತೆ?

ಹೋಗ್ತದೆ, ಅದ್ರಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಉಂಟಲ್ಲ. ಆದ್ರೆ ಅದು ಕಲೆ ಜೊತೆ ಜಿಐ ಬೋಲ್ಟಿನ ಸತುವನ್ನೂ ತಿಂತದೆ, ಅಲ್ಯೂಮಿನಿಯಂ ಪಟ್ಟಿಯನ್ನೂ ತಿಂತದೆ, ಸ್ಟೇನ್‌ಲೆಸ್ ಸ್ಟೀಲಿಗೂ ಒಳ್ಳೇದಲ್ಲ. ನದೀಲಿ, ಅಳಿವೆಲಿ ಕಟ್ಟಿದ ದೋಣಿಗೆ ಬರುವ ಕಂದು ಗೆರೆ ಎಲೆ, ಕೆಸರಿನ ಕರೆಯಿಂದ ಬಂದದ್ದು. ಅದಕ್ಕೂ ತುಕ್ಕಿಗೂ ಮದ್ದು ಆಕ್ಸಾಲಿಕ್ ಆಸಿಡ್. ಬಿಳಿ ಹುಡಿ, ಕೆಮಿಕಲ್ ಅಂಗಡಿಲಿ ಸಿಗ್ತದೆ. ಪ್ಲಾಸ್ಟಿಕ್ ಬಕೆಟಲ್ಲಿ ಒಂದು ಲೀಟರ್ ಬಿಸಿ ನೀರಿಗೆ ಸುಮಾರು 50 ಗ್ರಾಂ, ಸ್ಪಂಜಿಂದ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಡಿ, ಒಣಗ್ಲಿಕ್ಕೆ ಬಿಡ್ಬೇಡಿ, ಮತ್ತೆ ಹಚ್ತಾ ಇರಿ. ಕಲೆ ಕಣ್ಣೆದುರೇ ತೆಳು ಆಗ್ತಾ ಬರ್ತದೆ, ಇದಕ್ಕೆ ಉಜ್ಜುವ ಅಗತ್ಯವೇ ಇಲ್ಲ. ಆಮೇಲೆ ಧಾರಾಳ ನೀರು ಹಾಕಿ ತೊಳೀರಿ.

ಇದು ವಿಷ. ಗ್ಲೌಸ್, ಕನ್ನಡಕ ಹಾಕಿ, ಮಕ್ಕಳಿಗೆ ಸಿಗದಲ್ಲಿ ಇಡಿ, ಸಕ್ಕರೆ-ಉಪ್ಪಿನ ಡಬ್ಬಿಗೆ ಹಾಕಿಡ್ಬೇಡಿ. ಮತ್ತೆ ಆಸಿಡ್ ಹಾಕಿದಲ್ಲಿ ಬ್ಲೀಚಿಂಗ್ ಪೌಡರ್ ಹಾಕ್ಬೇಡಿ, ಕ್ಲೋರಿನ್ ಗ್ಯಾಸ್ ಬರ್ತದೆ, ಮುಚ್ಚಿದ ಶೆಡ್ ಆದ್ರೆ ಜೀವಕ್ಕೇ ಅಪಾಯ.

ತುಕ್ಕಿನ ಗೆರೆ ತೆಗ್ದದ್ದು ಆಯ್ತು, ಬೋಲ್ಟ್ ಬದ್ಲಿಸ್ಲಿಲ್ಲ ಅಂದ್ರೆ ಎರಡು ಮಳೆಗೆ ಗೆರೆ ವಾಪಸ್.

ದೋಣಿಯ ಅಡಿಭಾಗಕ್ಕೆ ಚಿಪ್ಪು ಹಿಡ್ದಿದೆ

ದೋಣಿ ಮೇಲೆ ತಂದ ದಿನವೇ, ಒದ್ದೆ ಇರುವಾಗಲೇ ಕೆರೆದು ತೆಗೀರಿ. ಒಣಗಿದ್ರೆ ಸಿಮೆಂಟ್. ಅಗಲದ ಪ್ಲಾಸ್ಟಿಕ್ ಅಥವಾ ಮರದ ಸ್ಕ್ರೇಪರ್ ಸಾಕಾಗ್ತದೆ ಒದ್ದೆಲಿ. ಚಿಪ್ಪು ಹೋದ ಮೇಲೆ ಬಿಳಿ ಉಂಗುರ ಉಳಿತದಲ್ಲ, ಅದು ಸುಣ್ಣ, ಅದಕ್ಕೆ ಮಾತ್ರ ಸ್ವಲ್ಪ ಹೈಡ್ರೋಕ್ಲೋರಿಕ್ ಆಸಿಡ್ ಬ್ರಷ್ಷಲ್ಲಿ ಮುಟ್ಟಿಸಿ, ನೊರೆ ಬಂದು ಕರಗ್ತದೆ, ಕೂಡ್ಲೇ ತೊಳೀರಿ.

ಅಡಿಭಾಗಕ್ಕೆ ಹಳೇ ಆಂಟಿಫೌಲಿಂಗ್ ಪೇಂಟ್ (ಚಿಪ್ಪು ಹಿಡಿಯದ ಹಾಗೆ ಹಚ್ಚುವ ಪೇಂಟ್) ಇದ್ರೆ, ಹೆಚ್ಚಾಗಿ ಕೆಂಪು ಅಥವಾ ಕಪ್ಪು, ಅದನ್ನ ಒಣಗಿದ್ದಾಗ ಉಜ್ಜಬೇಡಿ. ಅದ್ರಲ್ಲಿ ತಾಮ್ರ ಇರ್ತದೆ, ಆ ಹುಡಿ ಶ್ವಾಸಕ್ಕೆ ಹೋಗ್ಬಾರ್ದು. ತವರದ ಟಿಬಿಟಿ ಹಾಕಿದ ಹಳೇ ಪೇಂಟುಗಳು ಇನ್ನೂ ಕೆಟ್ಟವು, ಚಿಪ್ಪಿನ ಜೀವಿಗಳನ್ನೇ ಹಾಳು ಮಾಡ್ತವೆ ಅಂತ 2008ರಿಂದ ಅಂತರರಾಷ್ಟ್ರೀಯ ಒಪ್ಪಂದದಲ್ಲೇ ನಿಷೇಧ. ನೀರು ಹಾಕಿ ಉಜ್ಜಿ, ಕೆಳಗೆ ಟರ್ಪಾಲ್ ಹಾಸಿ, ಬಿದ್ದ ಕೆಸರನ್ನ ಒಟ್ಟು ಮಾಡಿ ಬೇರೆ ಹಾಕಿ. ನದಿಗೆ ಬಿಟ್ರೆ ಅದೇ ನದೀಲಿ ಮರುವಾಯಿ (ತಿನ್ನುವ ಚಿಪ್ಪು) ಹೆಕ್ಕುವವರಿದ್ದಾರೆ, ನಾವೇ ತಿನ್ನುದು ಕೊನೆಗೆ.

ಮೈಗೆ ಕೈ ಉಜ್ಜಿದ್ರೆ ಬಿಳಿ ಹುಡಿ ಬರ್ತದೆ. ಪೇಂಟ್ ಹೊಡೆಸ್ಲೇಬೇಕಾ?

ಬೇಕಂತ ಇಲ್ಲ. ಅದು ಬಿಸಿಲಿಗೆ ಸತ್ತ ಮೇಲಿನ ಪದರ ಮಾತ್ರ, ಕೆಳಗೆ ಒಳ್ಳೇ ಜೆಲ್‌ಕೋಟ್ ಇರ್ತದೆ. ಒದ್ದೆ ಬಟ್ಟೆಲಿ ಒರೆಸಿ ನೋಡಿ, ಒದ್ದೆ ಇದ್ದಾಗ ಬಣ್ಣ ಗಾಢವಾಗಿ ಹೊಳೀತದಾ, ಹಾಗಾದ್ರೆ ಕಾಂಪೌಂಡ್ ಹಾಕಿದ್ರೆ ಆ ಹೊಳಪು ವಾಪಸ್ ಬರುವ ಸಾಧ್ಯತೆ ಜಾಸ್ತಿ. ಪೇಂಟ್ ಒಮ್ಮೆ ಹೊಡೆಸಿದ್ರೆ ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಹೊಡೆಸ್ತಾನೇ ಇರ್ಬೇಕು, ಹಾಗಾಗಿ ಜೆಲ್‌ಕೋಟ್ ಉಳಿಸ್ಲಿಕ್ಕೆ ಆಗ್ತದೆ ಅಂದ್ರೆ ಉಳಿಸಿ ಅಂತಲೇ ನಾನು ಹೇಳುದು. ಆಳ ಬಿರುಕು, ಗುಳ್ಳೆ, ಅಲ್ಲಲ್ಲಿ ನೂಲು ಕಾಣುದು ಇದ್ರೆ ಮಾತ್ರ ಮೊದ್ಲು ರಿಪೇರಿ, ಆಮೇಲೆ ಪೇಂಟ್.

ಪೇಂಟ್ ಹೊಡೆಸುದು ಖಂಡಿತ ಅಂತಾದ್ರೆ ಅದಕ್ಕೆ ಮೊದ್ಲು ಸಿಲಿಕೋನ್ ಇರುವ ಕಾರ್ ಪಾಲಿಶ್ ಮೈಗೆ ಹಚ್ಚಬೇಡಿ. ಹಚ್ಚಿದ್ರೆ ಪೇಂಟ್ ಅಲ್ಲಲ್ಲಿ ಸಣ್ಣ ಉರುಟು ಕುಳಿ ಬಿಟ್ಟು ಸರಿದು ನಿಲ್ತದೆ.

ತಗಡಿನ ನಂಬರ್ ಪ್ಲೇಟ್ ಸ್ಕ್ರೂ ಹಾಕಿ ಕೂರಿಸಿದ್ದಾರೆ. ತೆಗ್ದ್ರೆ ತೂತು ಉಳಿತದಲ್ಲ?

ತೂತಿನ ಬಾಯಿ ಸ್ವಲ್ಪ ಅಗಲ ಮಾಡಿ, ಒಳಗೆ ಹಸಿ ಇದ್ರೆ ಒಣಗಿಸಿ, ಎಪಾಕ್ಸಿ ಪುಟ್ಟಿ ತುಂಬಿಸಿ, ಗಟ್ಟಿ ಆದ ಮೇಲೆ ಸಮಕ್ಕೆ ಉಜ್ಜಿ. ನೀರಿಗಿಂತ ಮೇಲಿನ ಸಣ್ಣ ತೂತಿಗೆ ಎಂ-ಸೀಲ್ ನಡಿತದೆ. ನೀರಿನ ಕೆಳಗಿನದ್ದಾದ್ರೆ ಫೈಬರ್ ಕೆಲಸದವ್ರ ಹತ್ರ ಒಳಗಿಂದ ಮ್ಯಾಟ್ ಹಾಕಿಸಿ, ಅದ್ರಲ್ಲಿ ಉಳಿತಾಯ ಮಾಡ್ಬೇಡಿ. ಮೈಯಲ್ಲೇ ಕೊರೆದ ನಂಬರ್ ಅಥವಾ ದೋಣಿ ಕಟ್ಟಿದವ್ರ ಪ್ಲೇಟ್ ಇದ್ರೆ ಅದನ್ನ ಮುಟ್ಬೇಡಿ, ಅದು ದೋಣಿಯ ಗುರುತು.

ಮರದ ದೋಣಿಗೆ, ಕಬ್ಬಿಣದ್ದಕ್ಕೆ, ಅಲ್ಯೂಮಿನಿಯಂದಕ್ಕೆ?

ಮರದ್ದಾದ್ರೆ ಸ್ಕ್ರೇಪರ್ ಮರದ ನಾರು ಹೋದ ದಿಕ್ಕಿಗೇ ಎಳೀರಿ, ಅಡ್ಡ ಎಳ್ದ್ರೆ ಸೀಳ್ತದೆ. ಹಳೇ ದೋಣಿಗೆ ಗೇರುಬೀಜದ ಸಿಪ್ಪೆ ಎಣ್ಣೆ, ಮೀನಿನ ಎಣ್ಣೆ ಹಚ್ಚಿ ಹಚ್ಚಿ ಮರ ಕುಡ್ದಿರ್ತದೆ, ಅದರ ಮೇಲೆ ಪೇಂಟ್ ನಿಲ್ಲುದು ಕಷ್ಟ, ಚೆನ್ನಾಗಿ ಉಜ್ಜಿ ಥಿನ್ನರಲ್ಲಿ ಒರೆಸಿಯೇ ಪ್ರೈಮರ್ ಹಾಕ್ಬೇಕು. ಗೇರು ಎಣ್ಣೆ ಹಸಿ ಇದ್ರೆ ಚರ್ಮ ಸುಡ್ತದೆ, ಗೊತ್ತಿದ್ದವ್ರಿಗೆ ಗೊತ್ತುಂಟು. ಹಲಗೆ ಸಂದಿಗೆ ಪ್ರೆಶರ್ ವಾಷರ್ ಹೊಡೆದ್ರೆ ಸಂದಿಗೆ ತುಂಬಿದ ಹತ್ತಿ ಎದ್ದು ಬರ್ತದೆ. ಕಬ್ಬಿಣದ್ದಕ್ಕೆ ವೈರ್ ಬ್ರಷ್, ಗ್ರೈಂಡರ್ ಎಲ್ಲ ನಡಿತದೆ, ಬರಿ ಕಬ್ಬಿಣ ಕಂಡ ಅದೇ ದಿನ ಪ್ರೈಮರ್ ಹಾಕಿ, ನಮ್ಮ ಸಮುದ್ರದ ಗಾಳಿಗೆ ರಾತ್ರಿ ಕಳೆದ್ರೆ ತುಕ್ಕು. ಅಲ್ಯೂಮಿನಿಯಂಗೆ ಆಸಿಡ್, ಕಾಸ್ಟಿಕ್ ಸೋಡಾ ಎರಡೂ ಬೇಡ, ತಾಮ್ರದ ಆಂಟಿಫೌಲಿಂಗ್ ಅಂತೂ ಬೇಡವೇ ಬೇಡ, ತಾಮ್ರ ಮತ್ತೆ ಉಪ್ಪು ನೀರು ಸೇರಿ ಅಲ್ಯೂಮಿನಿಯಂ ತಿಂದು ಹಾಕ್ತದೆ.

ಜೂನ್-ಜುಲೈಲಿ ಹೇಗೂ ಬೋಟ್ ಮೇಲೆ ಇರ್ತದೆ. ಆಗ ಮಾಡ್ಬಹುದಾ?

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ರಜೆ, ದಕ್ಕೆ ತುಂಬ ಬೋಟು, ಬಿಡುವೂ ಆಗಲೇ. ಆದ್ರೆ ನಮ್ಮ ಮಳೆಯೂ ಆಗಲೇ. ತೊಳೆಯುದು, ಸ್ಟಿಕರ್ ತೆಗಿಯುದು, ವಾಟರ್ ಪೇಪರ್ ಉಜ್ಜುದು ಇದೆಲ್ಲ ಮಳೆಗಾಲದಲ್ಲೇ ಮಾಡಿ, ನೀರಿನ ಕೆಲಸ ಅಲ್ವಾ. ರೆಸಿನ್, ಜೆಲ್‌ಕೋಟ್, ಪಿಯು ಪೇಂಟ್ ಮಾತ್ರ ತೇವಕ್ಕೆ ಸರಿ ಕೂರುದಿಲ್ಲ, ಪಿಯು ಹೊಳಪು ಬಿಟ್ಟು ಬೆಳ್ಚಾಗ್ತದೆ. ಮೇಲೆ ಶೀಟ್ ಇರುವ ಜಾಗ ಸಿಕ್ಕಿ, ಮಳೆ ಬಿಟ್ಟ ಹಗಲಲ್ಲಿ ಮೈ ಪೂರ್ತಿ ಒಣಗಿದ್ರೆ ಮಾತ್ರ ಮಾಡಿಸಿ. ಸಣ್ಣ ದೋಣಿಯವರು ಏಪ್ರಿಲ್-ಮೇಲಿ ಮುಗಿಸಿಕೊಂಡ್ರೆ ಒಳ್ಳೇದು.

ಉಜ್ಜುವಾಗ ನಮ್ಮ ಮೈಗೆ ಆಗುವ ತುರಿಕೆ ತಡಿಲಿಕ್ಕೆ ಎಂತ ಮಾಡುದು?

ಫೈಬರ್ ಹುಡಿ ಅದು. ಉದ್ದ ತೋಳಿನ ಅಂಗಿ, ಎನ್95 ಮಾಸ್ಕ್, ಕನ್ನಡಕ. ಕೆಲಸ ಮುಗಿದ ಮೇಲೆ ತುರಿಸ್ಬೇಡಿ, ಮೊದ್ಲು ತಣ್ಣೀರು ಸುರಿರಿ, ಆಮೇಲೆ ಸೋಪು. ಚುಚ್ಚಿಕೊಂಡ ನೂಲಿಗೆ ಸೆಲ್ಲೋಟೇಪ್ ಅಂಟಿಸಿ ಎಳೀರಿ. ಆ ಬಟ್ಟೆಯನ್ನ ಮನೆಯವ್ರ ಬಟ್ಟೆ ಜೊತೆ ವಾಷಿಂಗ್ ಮಷಿನಿಗೆ ಹಾಕ್ಬೇಡಿ, ಇಡೀ ಮನೆಗೆ ತುರಿಕೆ.

ಹೊಸ ಅಕ್ಷರ ಬರೆಸುದಾ, ರೇಡಿಯಂ ಹಾಕುದಾ? ವ್ಯಾಕ್ಸ್ ಯಾವಾಗ?

ನಂಬರಿಗೆ ರೇಡಿಯಂ ಒಳ್ಳೇದು, ರಾತ್ರಿ ಲೈಟ್ ಬಿದ್ರೆ ಕಾಣ್ತದೆ, ಆದ್ರೆ ಬಲೆ ಉಜ್ಜುವ ಪಕ್ಕದಲ್ಲಿ ಅಂಚು ಬೇಗ ಏಳ್ತದೆ, ಅಲ್ಲಿ ಪೇಂಟೇ ಬಾಳ್ವಿಕೆ. ಹೆಸರಿಗೆ ಕೈಯಲ್ಲಿ ಬರಿಯುವ ಆರ್ಟಿಸ್ಟ್ ಸಿಕ್ಕಿದ್ರೆ ಅವ್ರ ಹತ್ರವೇ ಬರೆಸಿ, ಕಂಪ್ಯೂಟರ್ ಕಟಿಂಗಲ್ಲಿ ಕನ್ನಡದ ಒತ್ತಕ್ಷರ ಕೆಲವೊಮ್ಮೆ ಎಲ್ಲೆಲ್ಲೋ ಹೋಗಿ ಕೂರ್ತದೆ, ಕಟಿಂಗ್ ಮಾಡಿಸುದಾದ್ರೆ ಮೊದ್ಲು ಪೇಪರಲ್ಲಿ ಪ್ರಿಂಟ್ ತೆಗ್ದು ಓದಿ ನೋಡಿ.

ಅಕ್ಷರ ಬರುವ ಜಾಗಕ್ಕೆ ವ್ಯಾಕ್ಸ್ ಹಾಕ್ಬೇಡಿ. ಅಲ್ಲಿ 1500ರ ವರೆಗೆ ಉಜ್ಜಿ, ಅಸಿಟೋನಲ್ಲಿ ಒರೆಸಿ, ಬೆರಳು ಮುಟ್ಟದೆ ಸ್ಟಿಕರ್ ಹಾಕಿ, ಪೇಂಟಾದ್ರೆ 400ರಲ್ಲೇ ಒರಟು ಬಿಟ್ಟು ಪ್ರೈಮರ್ ಹಾಕಿ ಬರೆಸಿ. ಸ್ಟಿಕರ್ ಹಾಕಿ ಒಂದು ದಿನ, ಪೇಂಟ್ ಆದ್ರೆ ಡಬ್ಬಿ ಮೇಲೆ ಬರ್ದಷ್ಟು ದಿನ ಒಣಗ್ಲಿಕ್ಕೆ ಬಿಟ್ಟು, ಆಮೇಲೆ ಸುತ್ತಲಿನ ಮೈಗೆ ವ್ಯಾಕ್ಸ್ ಹಾಕಿ ನೀರಿಗಿಳಿಸಿ.